ಆರುನೂರು ರೂಪಾಯಿಯ ದೂರನ್ನೂ ಬರೆದುಕೊಳ್ಳಿ

ಬೀದರ್ ಜಿಲ್ಲಾಡಳಿತಕ್ಕೆ ಮತ್ತು ಜಿಲ್ಲೆಯ ಪೊಲೀಸ್ ಅಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ನಮಸ್ಕಾರ. ಬೀದರ್ ನಗರದಲ್ಲಿ ನನ್ನದೊಂದು ಝೆರಾಕ್ಸ್ ಮತ್ತು ಆನ್‌ಲೈನ್ ಅಂಗಡಿ ಇದೆ. ಪಹಣಿ ತೆಗೆದುಕೊಡುವುದು, ಪರೀಕ್ಷೆಯ ಅರ್ಜಿ ತುಂಬುವುದು, ರೈಲು ಟಿಕೆಟ್ ಮಾಡಿಕೊಡುವುದು, ಇದೇ ದಿನದ ಕೆಲಸ. ಇತ್ತೀಚೆಗೆ ಇನ್ನೊಂದು ಕೆಲಸ ತಾನಾಗಿಯೇ ಬಂದು ಸೇರಿಕೊಂಡಿದೆ. ಜನ ಮೊಬೈಲ್ ಹಿಡಿದುಕೊಂಡು ಬರುತ್ತಾರೆ. "ಅಣ್ಣಾ, ಈ ಆನ್‌ಲೈನ್ ಅಂಗಡಿ ಖರೇನೋ ಸುಳ್ಳೋ ಸ್ವಲ್ಪ ನೋಡ್ರಿ" ಅನ್ನುತ್ತಾರೆ. ದುಡ್ಡು ಕಟ್ಟುವ ಮೊದಲು ಬರುವವರು ಕಡಿಮೆ. ಕಟ್ಟಿ ಕೈ ಸುಟ್ಟುಕೊಂಡ ಮೇಲೆ ಬರುವವರೇ ಜಾಸ್ತಿ.

ಸಸ್ತಾ ರೇಟು ತೋರಿಸಿ ದುಡ್ಡು ನುಂಗುವ ಈ ನಕಲಿ ಅಂಗಡಿಗಳ ಬಗ್ಗೆ ಇಲಾಖೆ ಏನೂ ಮಾಡುತ್ತಿಲ್ಲ ಅಂತ ನಾನು ಹೇಳುವುದಿಲ್ಲ. ಪೋಸ್ಟರ್ ಇವೆ, ಕಾಲೇಜುಗಳಲ್ಲಿ ಭಾಷಣ ನಡೆಯುತ್ತವೆ, ಫೋನ್ ಹಚ್ಚಿದರೆ ಎಚ್ಚರಿಕೆಯ ಮಾತು ಕೇಳಿಸಿದ್ದೂ ಉಂಟು. ನನ್ನ ತಕರಾರು ಆ ಮಾತಿನ ಧಾಟಿಯ ಮೇಲೆ. ಎಲ್ಲಿ ನೋಡಿದರೂ 'ದುರಾಸೆ ಪಡಬೇಡಿ, ಆಮಿಷಕ್ಕೆ ಬಲಿಯಾಗಬೇಡಿ'. ತಪ್ಪೆಲ್ಲ ಕೊಂಡವನದೇ ಎಂಬಂತೆ. ಆ ಬೈಗುಳ ಕೇಳಿ ಕೇಳಿ ಮೋಸ ಹೋದವರು ಬಾಯಿಯನ್ನೇ ಬಿಡುತ್ತಿಲ್ಲ. ಅವರು ಬಾಯಿ ಬಿಡದಿದ್ದರೆ ಲಾಭ ಯಾರಿಗೆ ಅನ್ನುವುದನ್ನು ಹೇಳಲು ಈ ಪತ್ರ.

ಔರಾದ್ ಕಡೆಯ ಒಬ್ಬ ರೈತರ ವಿಷಯ ಹೇಳುತ್ತೇನೆ. ಎರಡು ಎಕರೆ ಹೊಲ, ತೊಗರಿ ಮತ್ತು ಸೋಯಾ. ಬೆನ್ನಿಗೆ ಹಾಕಿಕೊಂಡು ಔಷಧ ಹೊಡೆಯುವ ಬ್ಯಾಟರಿ ಪಂಪು ಅವರಿಗೆ ಬೇಕಿತ್ತು. ಗಾಂಧಿ ಗಂಜ್‌ನಲ್ಲಿ ಕೇಳಿದರೆ ಎರಡು ಸಾವಿರದ ಮೇಲೆ ಹೇಳಿದರು. ಮಗನ ಮೊಬೈಲ್‌ನಲ್ಲಿ ಅದೇ ಪಂಪಿನ ಜಾಹೀರಾತು ಬಂತು, ₹599. ಮನೆಗೇ ತಂದುಕೊಡುತ್ತಾರಂತೆ, ಸಾಗಾಟದ ಖರ್ಚೂ ಇಲ್ಲವಂತೆ. ಯುಪಿಐನಲ್ಲಿ ಕಟ್ಟಿದರು. ಕೆಲವು ದಿನಗಳಲ್ಲಿ ಪಾರ್ಸಲ್ ಬಂತು. ಒಳಗೆ ಇದ್ದದ್ದು ಕಟಿಂಗ್ ಅಂಗಡಿಯಲ್ಲಿ ತಲೆಗೆ ನೀರು ಹೊಡೆಯುತ್ತಾರಲ್ಲ, ಆ ಪ್ಲಾಸ್ಟಿಕ್ ಬಾಟಲಿ. "ಪಂಪ್ ಅಂದ್ರ ಪಂಪೇ ಕಳಿಸ್ಯಾರ ನೋಡ್ರಿ" ಅಂತ ಅವರೇ ನಕ್ಕರು. ಆಮೇಲೆ ನಗಲಿಲ್ಲ.

ಅವರು ಒಂದು ಠಾಣೆಗೆ ಹೋಗಿದ್ದರು. ಯಾವ ಠಾಣೆ ಅಂತ ಇಲ್ಲಿ ಬರೆಯುವುದಿಲ್ಲ, ಒಬ್ಬರ ಮೇಲೆ ಬೆರಳು ತೋರಿಸಿದರೆ ವಿಷಯ ಅಲ್ಲಿಗೇ ಮುಗಿದುಹೋಗುತ್ತದೆ. "ಆರ್ನೂರು ರೂಪಾಯಿಗಿ ಏನ್ ಕಂಪ್ಲೇಂಟ್ ಕೊಡ್ತೀಯೋ ಮಾರಾಯ, ಸಸ್ತಾ ಅಂತ ಹೋದಿ, ಅನುಭವಿಸು" ಅಂದರಂತೆ. ಅವರು ವಾಪಸ್ ಬಂದರು. ದೂರು ಎಲ್ಲೂ ದಾಖಲಾಗಲಿಲ್ಲ. ಸರ್ಕಾರದ ಲೆಕ್ಕದಲ್ಲಿ ಆ ಮೋಸ ನಡೆದೇ ಇಲ್ಲ.

ಎರಡು ಸಾವಿರದ ಸಾಮಾನು ಆರುನೂರಕ್ಕೆ ಸಿಗುತ್ತದೆ ಅಂದರೆ ಕೈ ಚಾಚುವುದು ದುರಾಸೆಯೇ? ಗಂಜ್‌ನಲ್ಲಿ ನಾಲ್ಕು ಅಂಗಡಿ ತಿರುಗಿ ಚೌಕಾಸಿ ಮಾಡುವುದನ್ನು ನಾವು ಜಾಣತನ ಅನ್ನುತ್ತೇವೆ. ಮೊಬೈಲ್‌ನಲ್ಲಿ ಅವರು ಮಾಡಿದ್ದೂ ಅದನ್ನೇ. ಅಂಗಡಿಕಾರನ ಮುಖ ಕಾಣದ ಕಡೆ ಅವನನ್ನು ಅಳೆಯುವುದು ಹೇಗೆ ಅಂತ ಅವರಿಗೆ ಯಾರೂ ಹೇಳಿಕೊಟ್ಟಿರಲಿಲ್ಲ, ಅಷ್ಟೇ.

ಹಾಗಾಗಿ ಆ ಪೇಜನ್ನು ಅವರ ಮುಂದೆಯೇ ತೆಗೆದು ನೋಡಿದೆ. ಏನೇನು ಕಾಣಿಸಿತು ಅಂತ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ, ಯಾಕೆಂದರೆ ಜನರಿಗೆ ತೋರಿಸಬೇಕಾದದ್ದು ಇದನ್ನೇ.

ಮೇಲೆ ₹3,999 ಅಂತ ಬರೆದು ಗೀಟು ಹೊಡೆದಿದ್ದಾರೆ. ಕೆಳಗೆ ₹599, 85% ರಿಯಾಯಿತಿ. ಪಕ್ಕದಲ್ಲಿ ಕೆಂಪು ಗಡಿಯಾರ ಒಂಬತ್ತು ನಿಮಿಷದಿಂದ ಕೆಳಗೆ ಎಣಿಸುತ್ತಿದೆ, ಅಷ್ಟರಲ್ಲಿ ಕೊಳ್ಳದಿದ್ದರೆ ಆಫರ್ ಮುಗಿಯುತ್ತದಂತೆ. ಪೇಜನ್ನು ಮುಚ್ಚಿ ಮತ್ತೆ ತೆರೆದೆ. ಗಡಿಯಾರ ಮತ್ತೆ ಒಂಬತ್ತು ನಿಮಿಷಕ್ಕೇ ಬಂದು ಕೂತಿತ್ತು. 'ಕೇವಲ 3 ಉಳಿದಿವೆ' ಅನ್ನುವುದೂ ಹಾಗೆಯೇ, ಎಷ್ಟು ಹೊತ್ತು ಬಿಟ್ಟು ನೋಡಿದರೂ ಮೂರೇ. ಇಂಥ ಸುಳ್ಳು ಅವಸರ ಹುಟ್ಟಿಸುವುದನ್ನು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2023ರ ನವೆಂಬರ್‌ನಲ್ಲೇ ನಿಷೇಧಿಸಿದೆ. ಆಗ ಹೆಸರಿಸಿದ 13 ಮೋಸದ ತಂತ್ರಗಳಲ್ಲಿ ಇದೂ ಒಂದು. ನಿಯಮ ಇದೆ ಅಂತ ಕಳ್ಳರು ಕೇಳುವುದಿಲ್ಲ, ಅದು ಬೇರೆ ಮಾತು. ಆದರೆ ಗಡಿಯಾರ ಕಂಡರೆ ಪೇಜ್ ಮುಚ್ಚಿ ಮತ್ತೆ ತೆರೆಯುವುದು ಯಾರಾದರೂ ಮಾಡಬಹುದಾದ ಪರೀಕ್ಷೆ.

ಕೆಳಗೆ ಗ್ರಾಹಕರ ಅಭಿಪ್ರಾಯಗಳು. ಎಲ್ಲರೂ ಐದಕ್ಕೆ ಐದು ಸ್ಟಾರ್ ಕೊಟ್ಟಿದ್ದಾರೆ, ಎಲ್ಲವೂ ಒಂದೇ ದಿನ ಬರೆದವು. ನಡುವೆ ಒಬ್ಬರು 'ಬಣ್ಣ ಫೋಟೋದಲ್ಲಿ ಇದ್ದ ಹಾಗೇ ಇದೆ, ಬಟ್ಟೆ ಮೆತ್ತಗಿದೆ' ಅಂತ ಬರೆದಿದ್ದರು. ಔಷಧ ಹೊಡೆಯುವ ಪಂಪಿಗೆ! ಎಲ್ಲಿಂದಲೋ ಸೀರೆಯ ಪೇಜಿನಿಂದ ಎತ್ತಿ ಇಲ್ಲಿ ಅಂಟಿಸಿದ್ದಾರೆ. ಜನ ಸ್ಟಾರ್ ಎಣಿಸುತ್ತಾರೆ, ಬರೆದದ್ದನ್ನು ಓದುವುದಿಲ್ಲ. ಅದು ಈ ಕಳ್ಳರಿಗೂ ಗೊತ್ತು.

ಪೇಜಿನ ತಳಕ್ಕೆ ಹೋದರೆ ವಿಳಾಸ. ಊರು ಹೈದರಾಬಾದ್ ಅಂತ ಇದೆ, ಪಿನ್ ಕೋಡ್ ಮಾತ್ರ 11ರಿಂದ ಶುರುವಾಗುತ್ತದೆ. ಹೈದರಾಬಾದಿನ ಪಿನ್ 50ರಿಂದ ಶುರುವಾಗಬೇಕು, 11 ದಿಲ್ಲಿಯದು. ನಮ್ಮ ಬೀದರಿನದು 585401 ಅಂತ ಪ್ರತಿ ಅರ್ಜಿಯಲ್ಲೂ ಬರೆಯುವ ಜನ ನಾವು, ಇಷ್ಟು ಗುರುತಿಸಲು ಕಷ್ಟವಿಲ್ಲ. ಫೋನ್ ನಂಬರ್ ಇರಲಿಲ್ಲ. ಒಂದು ಜಿಮೇಲ್ ವಿಳಾಸ ಮಾತ್ರ. 'ಹಿಂತಿರುಗಿಸುವ ನಿಯಮ' ಎಂಬ ಕಡೆ ಒತ್ತಿದರೆ ಇಂಗ್ಲಿಷಿನಲ್ಲಿ ಉದ್ದದ ಬರಹ, ಅದರ ನಡುವೆ ಇನ್ಯಾವುದೋ ಅಂಗಡಿಯ ಹೆಸರು. ಅಲ್ಲಿಂದ ನಕಲು ಮಾಡಿದವನು ಹೆಸರು ಬದಲಿಸುವುದನ್ನೇ ಮರೆತಿದ್ದ.

ಈ ವಿವರಗಳನ್ನು ಕೊಡುವುದು ಅಂಗಡಿಯವನ ಮರ್ಜಿಗೆ ಬಿಟ್ಟದ್ದಲ್ಲ. 2020ರ ಗ್ರಾಹಕ ರಕ್ಷಣಾ ಇ-ಕಾಮರ್ಸ್ ನಿಯಮಗಳ ಪ್ರಕಾರ ಆನ್‌ಲೈನ್‌ನಲ್ಲಿ ಮಾರುವವನು ತನ್ನ ಕಾನೂನುಬದ್ಧ ಹೆಸರು, ಕಚೇರಿಯ ವಿಳಾಸ, ಸಂಪರ್ಕ, ದೂರು ಕೇಳುವ ಅಧಿಕಾರಿಯ ಹೆಸರು ಎಲ್ಲವನ್ನೂ ಕಾಣುವಂತೆ ಹಾಕಬೇಕು. ದೂರು ಬಂದರೆ 48 ಗಂಟೆಯೊಳಗೆ ತಲುಪಿತು ಅಂತ ಹೇಳಬೇಕು, ಒಂದು ತಿಂಗಳಲ್ಲಿ ಪರಿಹಾರ ಕೊಡಬೇಕು. ದೂರು ಅಧಿಕಾರಿಯ ಹೆಸರೇ ಇಲ್ಲದ ಅಂಗಡಿಯಲ್ಲಿ ದುಡ್ಡು ಕಟ್ಟಬೇಡಿ. ಇದು ಒಂದು ಸಾಲಿನ ಮಾತು. ಎಷ್ಟು ಪೋಸ್ಟರ್‌ಗಳಲ್ಲಿ ಇದಿದೆ ಹೇಳಿ?

ಇನ್ನು ಜಿಎಸ್‌ಟಿ ನಂಬರ್. ದೇಶದಲ್ಲೆಲ್ಲ ಸಾಮಾನು ಕಳಿಸುತ್ತೇವೆ ಅನ್ನುವ ಅಂಗಡಿಗೆ ಅದು ಇರಲೇಬೇಕು. 15 ಅಕ್ಷರ ಮತ್ತು ಅಂಕಿಗಳ ನಂಬರ್ ಅದು. ಮೊದಲ ಎರಡು ಅಂಕಿ ರಾಜ್ಯದ್ದು: ಕರ್ನಾಟಕಕ್ಕೆ 29, ತೆಲಂಗಾಣಕ್ಕೆ 36, ಮಹಾರಾಷ್ಟ್ರಕ್ಕೆ 27. ಮೂರು ರಾಜ್ಯ ಕೂಡುವ ಕಡೆ ಇರುವ ನಾವು ಈ ಮೂರನ್ನು ನೆನಪಿಟ್ಟುಕೊಂಡರೆ ಸಾಕು. ಜಿಎಸ್‌ಟಿಯ ಸರ್ಕಾರಿ ವೆಬ್‌ಸೈಟಿನಲ್ಲಿ ಆ ನಂಬರ್ ಹಾಕಿದರೆ ಅದು ಯಾರ ಹೆಸರಲ್ಲಿದೆ, ಎಂದಿನಿಂದ ಇದೆ, ಈಗ ಚಾಲ್ತಿಯಲ್ಲಿದೆಯೋ ರದ್ದಾಗಿದೆಯೋ ಎಲ್ಲ ತೋರಿಸುತ್ತದೆ. ಲಾಗಿನ್ ಬೇಡ, ಪುಕ್ಕಟೆ. ನಂಬರ್ ಇದ್ದ ಮಾತ್ರಕ್ಕೆ ನಂಬಲೂಬೇಡಿ, ಬೇರೆಯವರ ನಂಬರನ್ನು ಕದ್ದು ಹಾಕುವವರೂ ಇದ್ದಾರೆ. ಪಂಪು ಮಾರುವ ಅಂಗಡಿಯ ನಂಬರ್ ಯಾವುದೋ ಸಿಮೆಂಟ್ ವ್ಯಾಪಾರಿಯ ಹೆಸರು ತೋರಿಸಿದರೆ ಅಲ್ಲಿಗೆ ಮುಗಿಯಿತು. ಕೈಕಸುಬಿನ ಸಾಮಾನು ಮಾರುವ ಸಣ್ಣವರಿಗೆ ಮಾತ್ರ ಇದರಲ್ಲಿ ವಿನಾಯಿತಿ ಇದೆ. ಅದಕ್ಕೆ ಮುಂದೆ ಬರುತ್ತೇನೆ.

ಕೊನೆಗೆ ದುಡ್ಡು ಕಟ್ಟುವ ಜಾಗ. ಕಾರ್ಡ್ ಇಲ್ಲ, ನೆಟ್‌ಬ್ಯಾಂಕಿಂಗ್ ಇಲ್ಲ, ಬರೀ ಯುಪಿಐ. ಪಿನ್ ಒತ್ತುವ ಮೊದಲು ದುಡ್ಡು ಯಾರ ಖಾತೆಗೆ ಹೋಗುತ್ತದೆ ಅಂತ ಬ್ಯಾಂಕಿನಲ್ಲಿರುವ ಹೆಸರನ್ನು ಆ್ಯಪ್ ತೋರಿಸುತ್ತದೆ. ಅವರ ಹಳೆಯ ಪಾವತಿ ತೆಗೆದು ನೋಡಿದರೆ ಅಲ್ಲಿ ಅಂಗಡಿಯ ಹೆಸರೇ ಇಲ್ಲ, ಯಾರೋ ಒಬ್ಬ ವ್ಯಕ್ತಿಯ ಹೆಸರು. ಆ ಒಂದು ಸಾಲು ಓದಿದ್ದರೆ ಆರುನೂರು ರೂಪಾಯಿ ಉಳಿಯುತ್ತಿತ್ತು. ಆದರೆ ಗಡಿಯಾರ ಓಡುತ್ತಿತ್ತಲ್ಲ, ಯಾರು ಓದುತ್ತಾರೆ?

"ಬೀಗದ ಚಿತ್ರ ಇತ್ತಲ್ರಿ" ಅಂತ ಅವರ ಮಗ ಕೇಳಿದ. ಪಿಯುಸಿ ಓದುವ ಹುಡುಗ, ಕಾಲೇಜಿನಲ್ಲಿ ಹಾಗೆ ಹೇಳಿದ್ದರಂತೆ. ವೆಬ್‌ಸೈಟ್ ವಿಳಾಸದ ಪಕ್ಕ ಬೀಗ ಇದೆ ಅಂದರೆ ನಿಮ್ಮ ಮೊಬೈಲಿಗೂ ಆ ಸೈಟಿಗೂ ನಡುವಿನ ಮಾತನ್ನು ಬೇರೆಯವರು ಕದ್ದು ಕೇಳಲಾರರು, ಅಷ್ಟೇ ಅರ್ಥ. ಆ ಕಡೆ ಕೂತವನು ಕಳ್ಳನೋ ಸಾಹುಕಾರನೋ ಅಂತ ಅದು ಹೇಳುವುದಿಲ್ಲ. ಆ ಬೀಗ ಯಾರಿಗೆ ಬೇಕಾದರೂ ಪುಕ್ಕಟೆ ಸಿಗುತ್ತದೆ. ಜನ ಇದನ್ನು ತಪ್ಪು ತಿಳಿಯುತ್ತಾರೆ ಅಂತಲೇ ಗೂಗಲ್‌ನವರು 2023ರಲ್ಲಿ ತಮ್ಮ ಕ್ರೋಮ್ ಬ್ರೌಸರ್‌ನ ವಿಳಾಸದ ಪಕ್ಕದಿಂದ ಬೀಗದ ಗುರುತನ್ನು ತೆಗೆದುಹಾಕಿದರು. ನಮ್ಮ ಜಾಗೃತಿ ಭಾಷಣಗಳಲ್ಲಿ ಬೀಗ ಇನ್ನೂ ಹಾಗೇ ಇದೆ. ದಯವಿಟ್ಟು ಆ ಸಾಲನ್ನು ತೆಗೆಸಿ, ಅದರಿಂದ ಉಪಕಾರಕ್ಕಿಂತ ಅಪಾಯ ಜಾಸ್ತಿ.

ಇನ್ನೊಂದು ಪರೀಕ್ಷೆ ನನ್ನ ಅಂಗಡಿಯಲ್ಲಿ ತುಂಬಾ ಕೆಲಸಕ್ಕೆ ಬರುತ್ತದೆ. ವೆಬ್‌ಸೈಟಿನ ಹೆಸರು ಎಂದು ನೋಂದಣಿಯಾಯಿತು ಅಂತ ನೋಡುವುದು. 'ಹೂ ಈಸ್' (WHOIS) ಅಂತ ಹುಡುಕಿದರೆ ಅದನ್ನು ತೋರಿಸುವ ಸೈಟುಗಳು ಸಿಗುತ್ತವೆ. '25 ವರ್ಷದ ನಂಬಿಕೆ' ಅಂತ ಬರೆದುಕೊಂಡ ಅಂಗಡಿ ಹೋದ ತಿಂಗಳು ಹುಟ್ಟಿದ್ದು ಅಂತ ಗೊತ್ತಾಗುತ್ತದೆ. ಫೇಸ್‌ಬುಕ್‌ನಲ್ಲೂ ಜಾಹೀರಾತು ಹಾಕಿದ ಪೇಜಿನ 'ಪೇಜ್ ಟ್ರಾನ್ಸ್‌ಪರೆನ್ಸಿ' ತೆಗೆದರೆ ಅದು ಎಂದು ಶುರುವಾಯಿತು, ಎಷ್ಟು ಸಲ ಹೆಸರು ಬದಲಾಯಿತು, ಯಾವ ದೇಶದಲ್ಲಿ ಕೂತವರು ನಡೆಸುತ್ತಿದ್ದಾರೆ ಅಂತ ಇರುತ್ತದೆ. ನಿನ್ನೆಯವರೆಗೆ ಜೋಕ್ ಹಾಕುತ್ತಿದ್ದ ಪೇಜು ಇವತ್ತು ಫ್ರಿಜ್ ಮಾರುತ್ತಿದ್ದರೆ ಕೇಳುವುದೇನಿದೆ?

ದೊಡ್ಡ ಕಂಪನಿಗಳ ಹೆಸರಲ್ಲಿ ಬರುವ ಲಿಂಕುಗಳದ್ದು ಇನ್ನೊಂದು ಕತೆ. ವಿಳಾಸದ ಶುರುವಿನಲ್ಲಿ ಕಂಪನಿಯ ಹೆಸರು ಇರುತ್ತದೆ, ಆಮೇಲೆ ಒಂದು ಚುಕ್ಕೆ, ಆಮೇಲೆ ಸೇಲ್, ಆಫರ್ ಅಂತ ಏನೋ, ಕೊನೆಗೆ ಡಾಟ್ ಶಾಪ್. ನಾವು ಮೊದಲ ಹೆಸರು ಓದಿ ನಂಬುತ್ತೇವೆ. ಓದಬೇಕಾದದ್ದು ಹಿಂದಿನಿಂದ. ಮೊದಲ ಒಂಟಿ ಓರೆಗೆರೆ (/) ಎಲ್ಲಿ ಬರುತ್ತದೋ, ಅದಕ್ಕೆ ಅಂಟಿಕೊಂಡಿರುವ ಡಾಟ್ ಶಾಪ್‌ನಂಥ ಬಾಲ ಮತ್ತು ಅದರ ಹಿಂದಿನ ಹೆಸರು, ಇವೆರಡೂ ಕೂಡಿದ್ದೇ ಮಾಲೀಕನದು. ಬ್ಯಾಂಕುಗಳ ವಿಷಯದಲ್ಲಿ ರಿಸರ್ವ್ ಬ್ಯಾಂಕ್ ಒಳ್ಳೆಯ ಕೆಲಸ ಮಾಡಿತು, ಎಲ್ಲ ಬ್ಯಾಂಕುಗಳೂ 2025ರ ಅಕ್ಟೋಬರ್ ಮುಗಿಯುವುದರೊಳಗೆ ಡಾಟ್ ಬ್ಯಾಂಕ್ ಡಾಟ್ ಇನ್‌ಗೆ ಬದಲಾಗಬೇಕು ಅಂತ ಹೇಳಿತು. ಅಂಗಡಿಗಳಿಗೆ ಅಂಥ ಗುರುತು ಇಲ್ಲ. ನಾವೇ ನೋಡಿಕೊಳ್ಳಬೇಕು.

ರೇಟಿನ ಲೆಕ್ಕವನ್ನೂ ಸ್ವಲ್ಪ ಹೇಳಬೇಕು. 'ತುಂಬಾ ಕಡಿಮೆ ರೇಟು ಇದ್ದರೆ ಅನುಮಾನ ಪಡಿ' ಅನ್ನುತ್ತಾರೆ. ತುಂಬಾ ಅಂದರೆ ಎಷ್ಟು? ಮೊಬೈಲ್ ಮೇಲೆ ಜಿಎಸ್‌ಟಿ 18%. ಅಂಗಡಿಯಲ್ಲಿ ₹20,000ಕ್ಕೆ ಸಿಗುವ ಮೊಬೈಲ್‌ನಲ್ಲಿ ಮೂರು ಸಾವಿರ ರೂಪಾಯಿಯ ಮೇಲೆ ಬರೀ ತೆರಿಗೆಯೇ ಇದೆ. ಅದೇ ಮೊಬೈಲ್ ₹1,999ಕ್ಕೆ ಕೊಡುತ್ತೇನೆ ಅನ್ನುವವನು ಅದರ ತೆರಿಗೆಯನ್ನೂ ತುಂಬಲಾರ, ಮೊಬೈಲ್ ಎಲ್ಲಿಂದ ಕೊಡುತ್ತಾನೆ? ಇಷ್ಟು ಹೇಳಿದರೆ ಯಾರಿಗಾದರೂ ತಿಳಿಯುತ್ತದೆ. ಬೈಯುವ ಅಗತ್ಯವೇ ಇಲ್ಲ. ಹಾಗಂತ ಕಡಿಮೆ ರೇಟೆಲ್ಲ ಮೋಸವೂ ಅಲ್ಲ. ಹಳೆಯ ಮಾಡೆಲ್, ಹಬ್ಬದ ಸೇಲ್, ಉಳಿದ ಬಟ್ಟೆ, ಇವು ನಿಜವಾಗಿಯೂ ಅರ್ಧ ಬೆಲೆಗೆ ಬರುತ್ತವೆ. ಈಗೀಗ ಕಳ್ಳರೂ ಜಾಣರಾಗಿ ಬರೀ 30%, 40% ಕಡಿಮೆ ಹಾಕುತ್ತಿದ್ದಾರೆ. ರೇಟು ನೋಡಿ ಅನುಮಾನ ಬಂದರೆ ಒಳ್ಳೆಯದು, ಬರದಿದ್ದರೂ ವಿಳಾಸ ನೋಡಿ ಅಂತ ನಾನು ಹೇಳುತ್ತೇನೆ.

ನಮ್ಮ ಬಿದರಿ ಕಸುಬನ್ನೇ ತೆಗೆದುಕೊಳ್ಳಿ. ಸತು ಮತ್ತು ತಾಮ್ರ ಕೂಡಿಸಿ ಎರಕ ಹೊಯ್ಯಬೇಕು, ಉಳಿಯಿಂದ ಚಿತ್ತಾರ ಕೊರೆಯಬೇಕು, ಕೊರೆದ ಗೆರೆಯೊಳಗೆ ಬೆಳ್ಳಿಯ ತಂತಿ ಕೂರಿಸಿ ಬಡಿಯಬೇಕು, ಆಮೇಲೆ ಕೋಟೆಯ ಮಣ್ಣು ಮತ್ತು ನವಸಾಗರ ಹಾಕಿದ ನೀರಿನಲ್ಲಿ ಅದ್ದಿ ಕಪ್ಪು ಬಣ್ಣ ತರಿಸಬೇಕು. ಬೆಳ್ಳಿ ಗ್ರಾಮಿಗೆ ನೂರು ರೂಪಾಯಿ ದಾಟಿದೆ. ಮೊಬೈಲ್‌ನಲ್ಲಿ 'ಅಸಲಿ ಬಿದರಿ ಹೂದಾನಿ ₹299' ಅಂತ ಬರುತ್ತದೆ. ಅದರಲ್ಲಿ ಬೆಳ್ಳಿ ಎಲ್ಲಿ ಬಂತು, ಕೂಲಿ ಎಲ್ಲಿ ಬಂತು? ತೋರಿಸುವ ಫೋಟೋ ನಮ್ಮದೇ ಕುಶಲಕರ್ಮಿಗಳ ಕೈಕೆಲಸದ್ದು, ಬರುವುದು ಕಪ್ಪು ಬಣ್ಣ ಬಳಿದು ಬಿಳಿ ಹೂವು ಅಚ್ಚು ಹಾಕಿದ ತಗಡು. ಬಿದರಿಗೆ ಭೌಗೋಳಿಕ ಸೂಚಕ ಮಾನ್ಯತೆ ಇದೆ, ಅಂದರೆ ಇದು ಈ ಕಡೆಯ ಕಸುಬು ಅಂತ ಕಾನೂನಿನ ಗುರುತು. ನಮ್ಮ ಊರಿನ ಶಾಹ್ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಇದೇ ಕಲೆಗೆ 2023ರಲ್ಲಿ ಪದ್ಮಶ್ರೀ ಬಂತು. ಅಂಥ ಊರಿನ ಹೆಸರು ಇಟ್ಟುಕೊಂಡು ಯಾರೋ ತಗಡು ಮಾರುತ್ತಿದ್ದಾರೆ ಅಂದರೆ ಅದು ಕೊಂಡವರಿಗೆ ಮಾತ್ರ ಆದ ಮೋಸ ಅಂತ ನನಗೆ ಅನಿಸುವುದಿಲ್ಲ.

ಇಲ್ಲೇ ಆ ಜಿಎಸ್‌ಟಿ ವಿನಾಯಿತಿಯ ಮಾತು. ನಿಜವಾದ ಸಣ್ಣ ಬಿದರಿ ಕುಶಲಕರ್ಮಿಗೆ ಜಿಎಸ್‌ಟಿ ನಂಬರ್ ಇಲ್ಲದಿರಬಹುದು, ವೆಬ್‌ಸೈಟ್ ಕೂಡ ಇಲ್ಲದಿರಬಹುದು, ವಾಟ್ಸ್ಆ್ಯಪ್‌ನಲ್ಲೇ ಫೋಟೋ ಕಳಿಸಿ ಮಾರುತ್ತಿರಬಹುದು. ನಾನು ಮೇಲೆ ಹೇಳಿದ ಪರೀಕ್ಷೆಗಳಲ್ಲಿ ಅವನೇ ಮೊದಲು ಫೇಲ್ ಆಗುತ್ತಾನೆ! ಬೆಂಗಳೂರಿನಲ್ಲೋ ಪುಣೆಯಲ್ಲೋ ಕೂತು ಬಿದರಿ ಕೊಳ್ಳಬೇಕು ಅನ್ನುವವರಿಗೆ ಅವನನ್ನು ಗುರುತಿಸಲು ದಾರಿಯೇ ಇಲ್ಲ. ಜಿಲ್ಲಾಡಳಿತ ತನ್ನ ವೆಬ್‌ಸೈಟಿನಲ್ಲಿ ಒಂದು ಪುಟ ಮಾಡಲಿ. ಒಪ್ಪಿದ ಕುಶಲಕರ್ಮಿಗಳ ಹೆಸರು, ಅಂಗಡಿ ಇರುವ ಜಾಗ, ಫೋನ್ ನಂಬರ್ ಹಾಕಲಿ. ನಕಲಿಯನ್ನು ಹಿಡಿಯುವುದು ಕಷ್ಟದ ಕೆಲಸ, ಅಸಲಿಯನ್ನು ತೋರಿಸುವುದು ಸುಲಭ.

ರೈತರ ಕಡೆಯಿಂದ ಇನ್ನೊಂದು. ಸೋಲಾರ್ ಪಂಪ್‌ಸೆಟ್‌ಗೆ ಸಬ್ಸಿಡಿ ಕೊಡುವ ಪಿಎಂ ಕುಸುಮ್ ಯೋಜನೆಯ ಹೆಸರಲ್ಲೂ ನಕಲಿ ವೆಬ್‌ಸೈಟುಗಳಿವೆ. ನೋಂದಣಿ ಶುಲ್ಕ ಅಂತ ಕೇಳುತ್ತವೆ. ಕೇಂದ್ರದ ನವೀಕರಿಸಬಹುದಾದ ಇಂಧನ ಸಚಿವಾಲಯವೇ ಈ ಬಗ್ಗೆ ಮತ್ತೆ ಮತ್ತೆ ಎಚ್ಚರಿಕೆ ಕೊಟ್ಟಿದೆ. ಅನುಮಾನ ಬಂದರೆ ಜೆಸ್ಕಾಂ ಕಚೇರಿಯಲ್ಲಿ ಕೇಳುವುದು ಒಳ್ಳೆಯದು.

'ಕ್ಯಾಶ್ ಆನ್ ಡೆಲಿವರಿ ಇದ್ದರೆ ಭಯವಿಲ್ಲ' ಅನ್ನುವ ನಂಬಿಕೆಯೂ ಗಟ್ಟಿಯಾಗಿ ಕೂತಿದೆ. ದುಡ್ಡು ಕೊಟ್ಟ ಮೇಲೆಯೇ ಡಬ್ಬಿ ಬಿಚ್ಚಲು ಬಿಡುತ್ತಾರೆ, ಬಿಚ್ಚಿದ ಮೇಲೆ ತಂದವರು ಏನೂ ಮಾಡಲಾರರು. ತಂದುಕೊಟ್ಟ ಹುಡುಗನ ಜೊತೆ ಜಗಳ ಆಡಿ ಪ್ರಯೋಜನವಿಲ್ಲ, ಪಾಪ ಅವನ ಕೈಯಲ್ಲಿ ಏನೂ ಇಲ್ಲ. ಯಾರೂ ತರಿಸದ ಪಾರ್ಸಲ್‌ಗಳೂ ಮನೆಗೆ ಬರುತ್ತಿವೆ. ಮನೆಯಲ್ಲಿ ಒಬ್ಬರೇ ಇರುವ ಅವ್ವ, ಮಗ ತರಿಸಿರಬೇಕು ಅಂತ ಐನೂರು ರೂಪಾಯಿ ಕೊಟ್ಟು ಇಸಿದುಕೊಳ್ಳುತ್ತಾಳೆ. ಮಗನಿಗೆ ಒಂದು ಫೋನ್ ಮಾಡುವವರೆಗೆ ಇಸಿದುಕೊಳ್ಳಬೇಡಿ ಅಂತ ಹೇಳಿದರೆ ಸಾಕು. ದುಬಾರಿ ಸಾಮಾನು ಬಂದರೆ ಡಬ್ಬಿ ಬಿಚ್ಚುವುದನ್ನು ಮೊದಲಿಂದ ಕೊನೆಯವರೆಗೆ ವಿಡಿಯೋ ಮಾಡಿಕೊಳ್ಳಿ.

ಮೋಸ ಹೋದ ಮೇಲೆ ನಡೆಯುವ ಎರಡನೇ ಮೋಸ ಇನ್ನೂ ಕೆಟ್ಟದ್ದು. ದುಡ್ಡು ವಾಪಸ್ ಬೇಕು ಅಂತ ಗೂಗಲ್‌ನಲ್ಲಿ ಕಸ್ಟಮರ್ ಕೇರ್ ನಂಬರ್ ಹುಡುಕುತ್ತಾರೆ. ಸಿಗುವುದು ಕಳ್ಳರೇ ಹಾಕಿಟ್ಟ ನಂಬರ್. ಆ ಕಡೆಯವನು ತುಂಬಾ ಸಮಾಧಾನದಿಂದ ಮಾತಾಡುತ್ತಾನೆ. ಒಂದು ಆ್ಯಪ್ ಹಾಕಿಕೊಳ್ಳಿ, ಸ್ಕ್ರೀನ್ ತೋರಿಸಿ, ರಿಫಂಡ್ ಬರಲು ಪಿನ್ ಹಾಕಿ ಅನ್ನುತ್ತಾನೆ. ದುಡ್ಡು ಬರುವುದಕ್ಕೆ ಪಿನ್ ಬೇಕಾಗುವುದೇ ಇಲ್ಲ, ಹೋಗುವುದಕ್ಕೆ ಮಾತ್ರ ಬೇಕು. ಆರುನೂರು ಕಳೆದುಕೊಂಡವರು ಅರವತ್ತು ಸಾವಿರ ಕಳೆದುಕೊಳ್ಳುವುದು ಇಲ್ಲೇ. ಠಾಣೆಯಲ್ಲಿ ಯಾರಾದರೂ ಕೂರಿಸಿ ಮಾತಾಡಿಸಿದ್ದರೆ ಅವರು ಗೂಗಲ್‌ನಲ್ಲಿ ಹುಡುಕುತ್ತಿದ್ದರಾ?

ಈಗ ನನ್ನ ಮುಖ್ಯ ಮಾತು. ಈ ಅಂಗಡಿಗಳು ₹499, ₹599, ₹999 ಅಂತ ರೇಟು ಇಡುವುದು ಲೆಕ್ಕ ಹಾಕಿಯೇ. ಔರಾದಿನಿಂದ ಬೀದರಿಗೆ ಬಂದು ದೂರು ಕೊಡಬೇಕು ಅಂದರೆ ಒಂದು ದಿನದ ಕೂಲಿ ಹೋಯಿತು, ಬಸ್ಸಿನ ಖರ್ಚು ಹೋಯಿತು, ಮೇಲೆ ನಾಲ್ಕು ಜನರ ಎದುರು ಬೈಸಿಕೊಳ್ಳಬೇಕು. ಹೋದದ್ದು ಹೋಯಿತು ಅಂತ ಸುಮ್ನೆ ಕೂರುವಷ್ಟೇ ದುಡ್ಡನ್ನು ಅವರು ಕೀಳುತ್ತಾರೆ. ಸಾವಿರ ಜನರಿಂದ ಆರುನೂರು ಕಿತ್ತರೆ ಆರು ಲಕ್ಷ. ಆದರೆ ಆರು ಲಕ್ಷದ ಒಂದೂ ದೂರು ಇಲ್ಲ. ಅಂಗಡಿಯ ಹೆಸರನ್ನು ಅವರು ಜಾತ್ರೆಯ ಟೆಂಟ್‌ನಂತೆ ರಾತ್ರೋರಾತ್ರಿ ಕಿತ್ತು ಬೇರೆ ಕಡೆ ಹಾಕುತ್ತಾರೆ. ಬ್ಯಾಂಕ್ ಖಾತೆಯನ್ನು ಅಷ್ಟು ಬೇಗ ಬದಲಿಸಲಾಗುವುದಿಲ್ಲ. ಔರಾದಿನ ಪಂಪು, ಭಾಲ್ಕಿಯ ಸೀರೆ, ಹುಮನಾಬಾದಿನ ಮಿಕ್ಸರ್, ಮೂರರ ದುಡ್ಡೂ ಒಂದೇ ಖಾತೆಗೆ ಹೋಗಿರಬಹುದು. ಮೂರೂ ದೂರು ಬರೆದಿಟ್ಟರೆ ತಾನೇ ಅದು ಕಾಣುವುದು?

ಕೇಂದ್ರದ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ಅನುಮಾನದ ಫೋನ್ ನಂಬರ್, ಯುಪಿಐ ಐಡಿ, ವೆಬ್‌ಸೈಟ್ ಹಾಕಿ ಹುಡುಕುವ ಸೌಲಭ್ಯ ಇದೆ. ತುಂಬಾ ಒಳ್ಳೆಯದು. ಆದರೆ ಜನ ದೂರು ಕೊಟ್ಟರೆ ಮಾತ್ರ ಅದರಲ್ಲಿ ಏನಾದರೂ ಸಿಗುತ್ತದೆ. ಆನ್‌ಲೈನ್ ದೂರೇ ತಾನಾಗಿ ಎಫ್‌ಐಆರ್ ಆಗುವ, 2025ರಲ್ಲಿ ಶುರುವಾದ ಇ-ಝೀರೊ ಎಫ್‌ಐಆರ್ ವ್ಯವಸ್ಥೆಯೂ ಮೊದಲು ಬಂದದ್ದು ದಿಲ್ಲಿಗೆ, ಅದೂ ಹತ್ತು ಲಕ್ಷಕ್ಕಿಂತ ದೊಡ್ಡ ಮೋಸಗಳಿಗೆ. ದೊಡ್ಡದಕ್ಕೆ ಆತುರ ಇರಬೇಕು, ಒಪ್ಪುತ್ತೇನೆ. ಸಣ್ಣದಕ್ಕೆ ಒಂದು ಹಾಳೆಯಾದರೂ ಇರಬೇಕಲ್ವಾ?

ಕಾನೂನು ಅಡ್ಡ ಬರುತ್ತಿಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ, ಅಪರಾಧ ಎಲ್ಲಿ ನಡೆದಿದ್ದರೂ ಮಾಹಿತಿಯನ್ನು ಯಾವ ಠಾಣೆಯಲ್ಲಾದರೂ ಕೊಡಬಹುದು ಅನ್ನುತ್ತದೆ. ಆನ್‌ಲೈನ್‌ನಲ್ಲೂ ಕೊಡಬಹುದು, ಮೂರು ದಿನದೊಳಗೆ ಬಂದು ಸಹಿ ಹಾಕಿದರಾಯಿತು. ಬೇರೆಯವರ ಸೋಗು ಹಾಕಿ ಕಂಪ್ಯೂಟರ್ ಮೂಲಕ ಮೋಸ ಮಾಡುವುದಕ್ಕೆ ಐಟಿ ಕಾಯ್ದೆಯ 66ಡಿ ಅಡಿ ಮೂರು ವರ್ಷದವರೆಗೆ ಶಿಕ್ಷೆ ಇದೆ. ಐಟಿ ಕಾಯ್ದೆಯ ತನಿಖೆಯನ್ನು ಇನ್‌ಸ್ಪೆಕ್ಟರ್ ದರ್ಜೆಗಿಂತ ಕೆಳಗಿನವರು ಮಾಡುವಂತಿಲ್ಲ, ಅದಕ್ಕೇ ಸಣ್ಣ ಠಾಣೆಗಳಲ್ಲಿ 'ಸಿಇಎನ್ ಠಾಣೆಗೆ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧಗಳ ಠಾಣೆ) ಹೋಗಿ' ಅನ್ನುತ್ತಾರೆ ಅಂತ ನನಗೂ ಗೊತ್ತು. ತನಿಖೆ ಅವರೇ ಮಾಡಲಿ. ದೂರನ್ನು ಪೋರ್ಟಲ್‌ಗೆ ಹಾಕಿ ನಂಬರ್ ಬರೆದುಕೊಡುವುದನ್ನು ಕಮಲನಗರದ ಠಾಣೆಯಲ್ಲೂ ಮಾಡಬಹುದು, ಹುಲಸೂರಿನಲ್ಲೂ ಮಾಡಬಹುದು. ಅದಕ್ಕೆ ಬೇಕಾದದ್ದು ಪಾವತಿಯ 12 ಅಂಕಿಯ ನಂಬರ್, ತಾರೀಖು, ಮೊತ್ತ, ಪೇಜಿನ ಸ್ಕ್ರೀನ್‌ಶಾಟ್. ಹತ್ತು ನಿಮಿಷದ ಕೆಲಸ. ನಾನೇ ಮಾಡುತ್ತಿರುತ್ತೇನೆ.

ಸೈಬರ್ ಮೋಸದ ಸಹಾಯವಾಣಿ 1930ರ ಬಗ್ಗೆಯೂ ಒಂದು ಮಾತು. ಮೋಸ ಗೊತ್ತಾದ ತಕ್ಷಣ ಫೋನ್ ಮಾಡಿದರೆ ದುಡ್ಡು ಮುಂದಿನ ಖಾತೆಗೆ ಹಾರುವ ಮೊದಲು ತಡೆಯಲು ಸಾಧ್ಯ. ಜನ 1930 ಮತ್ತು 1915 ಎರಡನ್ನೂ ಗೊಂದಲ ಮಾಡಿಕೊಳ್ಳುತ್ತಾರೆ. 1915 ಗ್ರಾಹಕರ ಸಹಾಯವಾಣಿ, ಕನ್ನಡದಲ್ಲೂ ಮಾತಾಡುತ್ತಾರೆ. ಅಂಗಡಿ ನಿಜವಾದದ್ದು, ಸಾಮಾನು ಸರಿಯಿಲ್ಲ ಅಂದರೆ ಅದು. ಅಂಗಡಿಯೇ ಸುಳ್ಳು ಅಂದರೆ 1930. ಗ್ರಾಹಕರ ಆಯೋಗದಲ್ಲಿ ಐದು ಲಕ್ಷದವರೆಗಿನ ಖರೀದಿಗೆ ದೂರಿನ ಶುಲ್ಕವೇ ಇಲ್ಲ, ಆದರೆ ವಿಳಾಸವೇ ಇಲ್ಲದವನಿಗೆ ನೋಟಿಸ್ ಕಳಿಸುವುದು ಎಲ್ಲಿಗೆ?

ಹಾಗಾಗಿ ನಾನು ಕೇಳುವುದು ಇಷ್ಟು. ಮೊತ್ತ ಸಣ್ಣದು ಅಂತ ಯಾವ ಠಾಣೆಯೂ ಯಾರನ್ನೂ ಬರಿಗೈಯಲ್ಲಿ ಕಳಿಸಬಾರದು ಅಂತ ಒಂದು ಸುತ್ತೋಲೆ ಹೊರಡಿಸಿ. ಸಾವಿರ ರೂಪಾಯಿಗಿಂತ ಕಡಿಮೆ ಮೊತ್ತದ ಎಷ್ಟು ದೂರು ಬಂದವು, ಎಷ್ಟು ಖಾತೆ ತಡೆದಿರಿ ಅಂತ ತಿಂಗಳಿಗೊಮ್ಮೆ ಪತ್ರಿಕೆಗಳಿಗೆ ಹೇಳಿ. ಗ್ರಾಮ ಪಂಚಾಯಿತಿಗಳ ಅರಿವು ಕೇಂದ್ರಗಳಲ್ಲಿ, ಅಂದರೆ ಊರಿನ ಗ್ರಂಥಾಲಯಗಳಲ್ಲಿ, ಕಂಪ್ಯೂಟರ್ ಇವೆ. ಅಲ್ಲಿಯ ಮೇಲ್ವಿಚಾರಕರಿಗೆ ಒಂದು ದಿನ ಕೂರಿಸಿ ಜಿಎಸ್‌ಟಿ ನಂಬರ್ ನೋಡುವುದು, ವೆಬ್‌ಸೈಟ್ ಹುಟ್ಟಿದ ತಾರೀಖು ನೋಡುವುದು ಕಲಿಸಿ. ದುಡ್ಡು ಕಟ್ಟುವ ಮೊದಲು ಕೇಳಲು ಊರಿನಲ್ಲೇ ಒಬ್ಬರು ಇದ್ದಾರೆ ಅಂತಾದರೆ ಅರ್ಧ ಕೆಲಸ ಆಯಿತು. ಕಾಲೇಜುಗಳಿಗೆ ಹೋದಾಗ ಬೀಗದ ಪಾಠ ಬಿಟ್ಟು ಬಾಡಿಗೆ ಖಾತೆಯ ವಿಷಯ ಹೇಳಿ. 'ನಿನ್ನ ಅಕೌಂಟ್ ಕೊಡು, ತಿಂಗಳಿಗೆ ಇಷ್ಟು ಕೊಡ್ತೀವಿ' ಅಂತ ಹುಡುಗರನ್ನು ಕೇಳುವವರು ಇದ್ದಾರೆ. ಕಳ್ಳರ ದುಡ್ಡು ಓಡಾಡುವುದು ಅಂಥ ಖಾತೆಗಳಲ್ಲಿಯೇ. ಸಿಕ್ಕಿಬೀಳುವುದು ಮಾತ್ರ ಖಾತೆ ಕೊಟ್ಟ ಹುಡುಗ.

ಜಾಹೀರಾತು ಹಾಕಿ ದುಡ್ಡು ಎಣಿಸುವ ದೊಡ್ಡ ಕಂಪನಿಗಳನ್ನು ಜಿಲ್ಲೆಯಿಂದ ಬಗ್ಗಿಸುವುದು ಕಷ್ಟ ಅಂತ ಗೊತ್ತು. ಬಂದ ಪ್ರತಿ ದೂರಿನ ಜೊತೆ ಆ ಜಾಹೀರಾತಿನ ಲಿಂಕನ್ನೂ ಬರೆದುಕೊಂಡು ಒಟ್ಟಿಗೆ ರಾಜ್ಯಕ್ಕೆ ಕಳಿಸುವುದಂತೂ ನಿಮ್ಮ ಕೈಯಲ್ಲಿದೆ.

ಇನ್ನೊಂದು, ಒಂದು ಪುಟದ ಹಾಳೆ. ದುರಾಸೆ, ಆಮಿಷ ಅನ್ನುವ ಮಾತೇ ಇಲ್ಲದೆ ವಿಳಾಸ, ದೂರು ಅಧಿಕಾರಿ, ಜಿಎಸ್‌ಟಿ ನಂಬರ್, ಯುಪಿಐನಲ್ಲಿ ಬರುವ ಹೆಸರು, 1930, ಇಷ್ಟನ್ನೇ ದೊಡ್ಡ ಅಕ್ಷರದಲ್ಲಿ ಹಾಕಿ. ನಮ್ಮಲ್ಲಿ ಕನ್ನಡ ಓದುವವರಿದ್ದಾರೆ, ಮರಾಠಿ ಓದುವವರಿದ್ದಾರೆ, ಉರ್ದು ಓದುವವರಿದ್ದಾರೆ, ಮೂರರಲ್ಲೂ ಬೇಕು. ದಸರೆ ದೀಪಾವಳಿಯ ಸೇಲ್ ಶುರುವಾಗುವ ಮೊದಲೇ ಬಂದರೆ ಒಳ್ಳೆಯದು. ಕನ್ನಡದ್ದು ನೀವು ಮಾಡಿ ಕಳಿಸಿ, ಮರಾಠಿಗೂ ಉರ್ದುವಿಗೂ ಮಾಡಿಕೊಡುವವರು ನಮ್ಮ ಓಣಿಯಲ್ಲೇ ಇದ್ದಾರೆ. ಬೀದರ್ ನಗರದ ಬಸ್ ನಿಲ್ದಾಣ ಮತ್ತು ಗಂಜ್‌ಗೆ ಬೇಕಾಗುವಷ್ಟು ಝೆರಾಕ್ಸ್ ಖರ್ಚು ನನ್ನದು.

ಇಂತಿ ನಿಮ್ಮ ವಿಶ್ವಾಸಿ,
ಬೀದರಿನ ಒಬ್ಬ ಆನ್‌ಲೈನ್ ಅಂಗಡಿಯವ